ಡಬ್ಬಿಯ ಸದ್ದು ನಿಂತ ಮುಂಜಾನೆ

ಹಕ್ಕಿಗಳ ಫೋಟೋ ತೆಗೆಯಲು ಹೊರಟ ಮೊದಲ ದಿನ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದೆ. ರಾಯಚೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಸೇರಿ ಆರು ತಿಂಗಳಾಗಿತ್ತಷ್ಟೆ. ವೈದ್ಯರು, ವಕೀಲರು, ಅಕ್ಕಿ ಗಿರಣಿಯ ಮಾಲೀಕರು ಇದ್ದ ಫೋಟೋ ಗುಂಪೊಂದರ ಜೊತೆ ಹೊರಟಿದ್ದೆ. ಅವರು ನನ್ನನ್ನು ತಮ್ಮಲ್ಲಿ ಒಬ್ಬನೆಂದು ಸೇರಿಸಿಕೊಳ್ಳಬೇಕೆಂಬುದೇ ನನ್ನ ಆಸೆಯಾಗಿತ್ತು. ದೊಡ್ಡವರ ಜೊತೆ ಹೋಗುವಾಗ ಬಿಳಿ ಅಂಗಿಯೇ ಸರಿ ಎಂಬುದು ನಮ್ಮ ಮನೆಯ ತಿಳಿವಳಿಕೆ.

ಮಾನ್ವಿ ಕಡೆಯ ಕೆರೆಯ ಏರಿಯ ಮೇಲೆ, ಪಕ್ಷಿಧಾಮವೆಂಬ ಹಲಗೆಯ ಪಕ್ಕದಲ್ಲಿ ಕಾರು ನಿಂತಿತು. ಉಳಿದವರೆಲ್ಲ ಮಣ್ಣಿನ ಬಣ್ಣದ, ಎಲೆಯ ಬಣ್ಣದ ಬಟ್ಟೆಯಲ್ಲಿದ್ದರು. ಗುಂಪಿನ ಹಿರಿಯರಾದ ಗಿರಣಿ ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ರಿ ಸರ, ಹಕ್ಕಿ ನೋಡಾಕ ಬಂದೀರೋ, ಮದಿವಿಗೆ ಬಂದೀರೋ? ಬಿಳೇ ಅಂಗಿ ಕಂಡ್ರ ಹಕ್ಕಿ ನಿಲ್ಲಂಗಿಲ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೆರೆಗೆ ಹೊಂದಿಕೊಂಡ ಜೋಳದ ಹೊಲದಲ್ಲಿ ತೆನೆಗಳು ಹಾಲುಗಾಳು ಕಟ್ಟಿದ್ದವು. ಚಳಿಗಾಲಕ್ಕೆ ದೂರದಿಂದ ಬರುವ ಗುಲಾಬಿ ಮೈಯ ಕಬ್ಬಕ್ಕಿಗಳು ಮೋಡದಂತೆ ಇಳಿಯುತ್ತಿದ್ದವು. ಹೊಲದ ನಡುವೆ ಕಾವಲಿಗೆಂದು ಎತ್ತರಕ್ಕೆ ಕಟ್ಟಿದ ಮಂಚಿಗೆಯ ಮೇಲಿಂದ ಒಬ್ಬ ಮುದುಕಿ ತಗಡಿನ ಡಬ್ಬಿ ಬಡಿದು ಕೂಗಿದೊಡನೆ ಏಳುತ್ತಿದ್ದವು. ಹಿರಿಯರು ಬೇಸರದಿಂದ ಕ್ಯಾಮೆರಾ ಇಳಿಸಿದರು.

"ನೀವಾರ ಹೋಗಿ ಹೇಳ್ರಿ ಆಕೀಗೆ. ಹೆಂಗೂ ನಿಮ್ಮನ್ನ ನೋಡಿದ್ರ ಹಕ್ಕಿ ಓಡತಾವ, ಇಲ್ಲಿದ್ದು ಏನ್ಮಾಡ್ತೀರಿ?"

ಹೋದೆ. ನನ್ನನ್ನು ಕಂಡು ಮುದುಕಿ ಅವಸರದಿಂದ ಕೆಳಗಿಳಿದು ಸೆರಗು ಸರಿಮಾಡಿಕೊಂಡಳು.

"ಯಾ ಆಫೀಸಿನವರ್ರಿ ಸಾಹೇಬ್ರ?"

"ಪಕ್ಷಿಗಳಿಗೆ ತೊಂದರೆಯಾಗುತ್ತಿದೆ. ದಯವಿಟ್ಟು ಸ್ವಲ್ಪ ಹೊತ್ತು ಸದ್ದು ಮಾಡಬೇಡಿ" ಎಂದೆ. ಪಾಠ ಹೇಳುವ ಕನ್ನಡದಲ್ಲಿಯೇ ಹೇಳಿದೆ. ದೇವದುರ್ಗದ ನನ್ನ ಮಾತು ಬಾಯಿಗೆ ಬಾರದಂತೆ ಎಚ್ಚರ ವಹಿಸಿದೆ.

"ತಪ್ಪಾತ್ರಿ ಯಪ್ಪಾ, ಬಡಿಯಂಗಿಲ್ಲ. ಹೊಲ ನಂದಲ್ರಿ, ನಾ ಕೂಲಿಯಾಕಿ. ಏನೂ ಬರಕೋಬ್ಯಾಡ್ರಿ."

ಹಾಗೆಂದು ನಾಲ್ಕು ಎಳೆಯ ತೆನೆ ಮುರಿದು ನನ್ನ ಕೈಗಿಟ್ಟಳು. "ಸುಟ್ಟು ತಿನ್ರಿ, ಸೀತನಿ ಭಾಳ ಸವಿ ಅದಾವ."

ನನ್ನ ಅವ್ವನೂ ದೇವದುರ್ಗದ ಸುತ್ತ ಕಂಡವರ ಹೊಲದಲ್ಲಿ ಇದೇ ಕೂಲಿ ಮಾಡಿದವಳು. ಸುಗ್ಗಿಯ ತನಕ ಅವಳ ಗಂಟಲು ಒಡೆದೇ ಇರುತ್ತಿತ್ತು. ಹಕ್ಕಿ ತಿಂದ ತೆನೆಗೆ ಹೊಲದವರಿಂದ ಎಂಥ ಮಾತು ಕೇಳಬೇಕಾಗುತ್ತದೆಂದು ನನಗೆ ತಿಳಿಯದೆ ಇರಲಿಲ್ಲ. ತೆನೆಗಳನ್ನು ಹಿಡಿದು ಹಿಂತಿರುಗಿದೆ.

ಡಬ್ಬಿಯ ಸದ್ದು ನಿಂತಿತು. ಕಬ್ಬಕ್ಕಿಗಳು ಇಳಿದವು, ಏಳಲಿಲ್ಲ. ಸುತ್ತಲೂ ಕ್ಯಾಮೆರಾಗಳು ಟಕಟಕನೆ ಸದ್ದು ಮಾಡಿದವು. ಕಾಲೇಜಿನಿಂದ ಕೇಳಿ ತಂದಿದ್ದ ಕ್ಯಾಮೆರಾದಲ್ಲಿ ನಾನೂ ಒತ್ತಿದೆ. ನನ್ನ ಒಂದು ಚಿತ್ರ ಎಲ್ಲರದಕ್ಕಿಂತ ಚೆನ್ನಾಗಿ ಬಂದಿತ್ತು: ತೆನೆ ತೆನೆಗೂ ಹಕ್ಕಿ, ಮೂಲೆಯಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಮುದುಕಿ.

"ಭಾರಿ ಬಂದದರಿ! ಮೂಲ್ಯಾಗಿನ ಆ ಮುದುಕೀನ ಕಟ್ ಮಾಡ್ರಿ, ಸಾಕು" ಎಂದರು ಹಿರಿಯರು. "ಮುಂದಿನ ವಾರಾನೂ ಬರ್ರಿ, ನೀವು ನಮ್ಮವರಾದ್ರಿ."

ಕತ್ತರಿಸಿದೆ.

ಹಬ್ಬಕ್ಕೆ ಊರಿಗೆ ಹೋದಾಗ ಮೊಬೈಲಿನಲ್ಲಿ ಅದನ್ನು ಅವ್ವನಿಗೆ ತೋರಿಸಿದೆ. ಅವಳು ಹಕ್ಕಿಗಳನ್ನು ನೋಡಲಿಲ್ಲ, ತೆನೆಗಳನ್ನು ನೋಡಿದಳು.

"ಇಷ್ಟು ಹಕ್ಕಿ ಕುಂತಾವಲ್ಲೋ ಯಪ್ಪಾ, ಕಾಯಾವ್ರು ಯಾರೂ ಇದ್ದಿಲ್ಲೇನು?"

"ಇದ್ದಿಲ್ಲಬೇ" ಎಂದೆ.