ಬಾಗಿಲಲ್ಲಿ ನಿಂತು ಕಲಿತ ಬಂಡಾಯ

ಕೋಟೆಗೆ ಮುತ್ತಿಗೆ ಹಾಕುವುದು ಹೇಗೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ತೋಪು ಎಲ್ಲಿ ಇಡಬೇಕು, ಒಳಗಿನ ಬಾವಿ ಬತ್ತಿದರೆ ಎಷ್ಟು ದಿನ ತಡೆಯಬಹುದು, ಎಲ್ಲ ಗೊತ್ತು. ಆಮೇಲೆ ಏನಾಯಿತು ಎಂದು ಮಾತ್ರ ಕೇಳಬೇಡಿ. ನಾನು ಓದಿದ್ದು ಮೂರನೆಯ ಇಯತ್ತೆ. ಉಳಿದ ವಿದ್ಯೆಯೆಲ್ಲ ಧಾರವಾಡದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಗಂಟೆ ಹೊಡೆಯುತ್ತ, ಬಾಗಿಲಲ್ಲಿ ನಿಂತು ಕದ್ದು ಕೇಳಿದ್ದು.

ಕದ್ದ ವಿದ್ಯೆಗೆ ತಲೆ ಬಾಲ ಇರುವುದಿಲ್ಲ. ನಮ್ಮ ಇತಿಹಾಸದ ಸರು ಪಾಠವನ್ನು ಇಂಗ್ಲಿಷಿನಲ್ಲಿ ಶುರು ಮಾಡುತ್ತಿದ್ದರು. ಅರ್ಧ ತಾಸಾದ ಮೇಲೆ ಮೈ ಬಿಸಿಯಾಗಿ ಕನ್ನಡಕ್ಕೆ ಇಳಿಯುತ್ತಿದ್ದರು. ಬಂಡಾಯದ ಪಾಠವಿದ್ದರಂತೂ ಕೋಟಿನ ತೋಳು ಮೇಲೇರಿಸಿ ಹಾಜರಿ ಪುಸ್ತಕವನ್ನೇ ಕತ್ತಿಯಂತೆ ಬೀಸುತ್ತಿದ್ದರು. ಇನ್ನೇನು ಕೋಟೆಯ ಬಾಗಿಲು ಮುರಿಯಬೇಕು ಎನ್ನುವಾಗ ಗಡಿಯಾರ ನನ್ನನ್ನು ಕರೆಯುತ್ತಿತ್ತು. ಓಡಿಹೋಗಿ ಗಂಟೆ ಹೊಡೆಯುತ್ತಿದ್ದೆ. ಹೀಗೆ ತಲೆ ಇಂಗ್ಲಿಷಿಗೆ ಹೋಯಿತು, ಬಾಲ ಗಂಟೆಗೆ ಹೋಯಿತು, ನನ್ನ ಪಾಲಿಗೆ ನಡು ಉಳಿಯಿತು. ನನ್ನ ಇತಿಹಾಸದಲ್ಲಿ ಎಲ್ಲ ಕೋಟೆಗಳಿಗೂ ಮುತ್ತಿಗೆ ಬಿದ್ದಿದೆ. ಒಂದು ಕೋಟೆಯೂ ಬಿದ್ದಿಲ್ಲ.

ಹೆಚ್ಚು ಕಾಡಿದ್ದು ಹಲಗಲಿಯ ಬೇಡರ ಸಂಗತಿ. ಕತ್ತಿ ಬಂದೂಕು ಹತ್ಯಾರವೆಲ್ಲ ಒಪ್ಪಿಸಿರಿ ಎಂದು ಕುಂಪಣಿ ಸರ್ಕಾರದ ಹುಕುಂ ಬಂತು. ಒಪ್ಪಿಸುವುದಿಲ್ಲ ಎಂದು ಅವರು ನಿಂತರು. ಅಲ್ಲಿಗೆ ಗಂಟೆ. ಮುಂದಿನ ಕಥೆಯನ್ನು ಜನ ಹಾಡಿ ಹೇಳುವುದನ್ನು ನೀನು ಕೇಳಿಲ್ಲವೇ ಎನ್ನುತ್ತೀರಿ. ಕೇಳಿದ್ದೆ. ಆದರೆ ಹಾಡಿನ ಮಾತು ಹಾಡಿನದು, ಸರು ಹೇಳಿದರೇ ಖರೆ ಎಂಬ ಹಟ ನನ್ನದು. ಕಾಲೇಜಿನ ದಪ್ಪ ಪುಸ್ತಕದಲ್ಲಾದರೂ ಅವರು ಗೆದ್ದಿರಬಹುದು ಎಂಬ ಆಸೆ. ಅದಕ್ಕಾಗಿ ಒಂದು ದಿನ ನಾನೂ ಬಂಡೆದ್ದೆ. ಸಮಯವಾದರೂ ಗಂಟೆ ಹೊಡೆಯದೆ ನಿಂತೇಬಿಟ್ಟೆ. ಸರು ಎರಡು ಸಲ ಗಡಿಯಾರ ನೋಡಿದರು, ಬಾಗಿಲ ಕಡೆ ನೋಡಿದರು. "ಯಲ್ಲಪ್ಪಾ, ಗಂಟಿ ಹೊಡಿಯೋ ಮಾರಾಯಾ, ನನಗೂ ಹಸಿವ್ಯಾಗೇದ!" ಎಂದರು. ನನ್ನ ಬಂಡಾಯದ ಆಯುಷ್ಯ ಏಳು ನಿಮಿಷ.

ಈ ನಡುವಿನ ತುಣುಕುಗಳನ್ನೇ ಮನೆಗೆ ತಂದು ಮೊಮ್ಮಗಳು ಶಾಂತಾಗೆ ಹೇಳುತ್ತಿದ್ದೆ. ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳುತ್ತಿದ್ದಳು. "ಮುಂದೇನಾತಜ್ಜಾ?" ಎಂದರೆ "ಗಂಟಿ ಆತವಾ, ಉಣ್ಣು" ಎನ್ನುತ್ತಿದ್ದೆ. ಈ ಉತ್ತರದಿಂದ ರೋಸಿಹೋಗಿಯೇ ಅವಳು ಇತಿಹಾಸ ಓದಿದ್ದು ಎಂದು ನನ್ನ ಅನುಮಾನ. ನಮ್ಮ ಮನೆತನದಲ್ಲಿ ಕಾಲೇಜಿನ ಬಾಕಿನ ಮೇಲೆ ಕುಳಿತವಳು ಅವಳೇ ಮೊದಲು. ಎಂ.ಎ. ಮಾಡಿದಳು, ಈಗ ಗದಗಿನಲ್ಲಿ ಕಲಿಸುತ್ತಾಳೆ. ಆದರೆ ಹಲಗಲಿಯ ಕೊನೆ ಕೇಳಿದಾಗಲೆಲ್ಲ, "ಅದು ಪರೀಕ್ಷಾದಾಗ ಬರೂದಿಲ್ಲಜ್ಜಾ" ಎಂದು ಜಾರಿಕೊಂಡಳು. ಎಂ.ಎ.ಯಾದ ಮೇಲೂ ಅದೇ ಮಾತು. ಮತ್ತೆ ಕೇಳುವ ಧೈರ್ಯ ನನಗೂ ಆಗಲಿಲ್ಲ.

ರಾಜ್ಯ ಒಂದಾಗಿ ಹತ್ತು ವರ್ಷವಾಗುತ್ತ ಬಂದ ಈ ಬೇಸಿಗೆಯಲ್ಲಿ, ನಮ್ಮ ಕಾಲೇಜಿನವರು ಹಳೆಯ ವಿದ್ಯಾರ್ಥಿಗಳಿಗಾಗಿ ಎಂಟು ದಿನದ ವರ್ಗ ನಡೆಸಿದರು. ವಿಷಯ: ಬಂಡಾಯಗಳ ಇತಿಹಾಸ. ಬಂದವರಲ್ಲಿ ಬಹಳ ಮಂದಿ ಪೆನ್ಶನ್ ತೆಗೆದುಕೊಳ್ಳುವವರು. ಸೊಸೆ ಮಾಡಿದ ಚಹಾದಲ್ಲಿ ಸಕ್ಕರೆ ಕಡಿಮೆ ಎನ್ನಲೂ ಹೆದರುವ ವಯಸ್ಸಿನಲ್ಲಿ ಬಂಡಾಯ ಕಲಿಯುವ ಹುರುಪು ನೋಡಿ! ಕೊನೆಯ ದಿನದ ಪಾಠ ನಮ್ಮ ಶಾಂತಾದು. ಹಲಗಲಿಯದು, ಅದೂ ಕನ್ನಡದಲ್ಲಿ. ನನ್ನ ಹಿಗ್ಗು ಏನು ಹೇಳಲಿ! ಹಾಲಿನವನಿಗೆ ಹೇಳಿದೆ, ಕ್ಷೌರದವನಿಗೆ ಅರ್ಧ ಗಡ್ಡದಲ್ಲಿ ಹೇಳಿದೆ, ಉಪ್ಪಿನಬೆಟಗೇರಿಯಿಂದ ಬಂದ ಬೀಗರಿಗೆ ಎರಡು ಸಲ ಹೇಳಿದೆ. ಶಾಂತಾ ಒಬ್ಬಳೇ ಹಿಗ್ಗಲಿಲ್ಲ.

"ನೀ ಬರಬ್ಯಾಡಜ್ಜಾ. ಬಿಸಲು ಭಾಳೈತಿ."

"ಮೂವತ್ತು ವರ್ಷ ಇದ ಬಿಸಲಾಗ ಕಾಲೇಜಿನ ಗುಡ್ಡಾ ಹತ್ತೇನವಾ. ರಜಾ ಐತಿ, ಗಂಟೀನೂ ಇಲ್ಲ. ಕಡೀತನಕಾ ಕೇಳಾಕ ಇನ್ನ ಯಾವಾಗ ಸಿಗತೈತಿ?"

ಏಕೆ ಬೇಡವೆನ್ನುತ್ತಾಳೆ ಎಂಬುದು ನನಗೂ ಹೊಳೆಯದೆ ಇರಲಿಲ್ಲ. ಆದರೂ ಆಸೆ ಎಂಬುದು ಮುದಿ ಎತ್ತಿನ ಹಾಗೆ; ಹಾದಿ ಗೊತ್ತಿದ್ದರೆ ಹೊಡೆದರೂ ತಿರುಗುವುದಿಲ್ಲ.

ಒಗೆದ ಧೋತರ ಉಟ್ಟು, ಕೊಡೆ ಹಿಡಿದು ಹೋದೆ. ಒಳಗೆ ಹೋದವನ ಕಾಲು ತಾನಾಗಿಯೇ ಬಾಗಿಲ ಪಕ್ಕ ನಿಂತಿತು. ಅದನ್ನು ಬೈದು ಕರೆದೊಯ್ದು ಬಾಕಿನ ಮೇಲೆ ಕುಳಿತೆ. ಮುಂದಿನ ಸಾಲಿನಲ್ಲಿ ಹುಬ್ಬಳ್ಳಿಯ ವಕೀಲರೊಬ್ಬರು. ಹುಡುಗರಾಗಿದ್ದಾಗ ಪ್ರತಿದಿನ ತಡವಾಗಿ ಬಂದು, "ಗಂಟಿ ಸ್ವಲ್ಪ ತಡಾ ಮಾಡೋ" ಎಂದು ನನಗೆ ಕೈಮುಗಿದವರು. ತಿರುಗಿ ನೋಡಿ ನಕ್ಕರು.

"ಏನೋ ಯಲ್ಲಪ್ಪಾ, ನೀನೂ ಬಾಕಿನ ಮ್ಯಾಲ ಕುಂತಿ? ಇದಕ್ಕಿಂತ ದೊಡ್ಡ ಬಂಡಾಯ ಯಾವುದೈತಿ!"

"ಮೂವತ್ತು ವರ್ಷ ಒರಸೇನ್ರೀ ಸಾಹೇಬ್ರ. ಒಮ್ಮೆ ಕುಂತೂ ನೋಡೂಣು ಅಂತ."

ಬಾಕು ಬಹಳ ಗಟ್ಟಿ ಎಂದು ಆ ದಿನ ತಿಳಿಯಿತು. ವಿದ್ಯೆ ಸುಲಭವಲ್ಲ ಎಂದು ಜನ ಹೇಳುವುದು ಇದಕ್ಕೇ ಇರಬೇಕು.

ಶಾಂತಾ ಎದ್ದು ನಿಂತಳು. ಮೊದಲು ದನಿ ಸಣ್ಣದಿತ್ತು, ಆಮೇಲೆ ಬಿಚ್ಚಿತು. ನನಗೆ ಗೊತ್ತಿದ್ದ ನಡುವಿನ ಭಾಗ ಬಂತು: ಹುಕುಂ ಬಂತು, ಒಪ್ಪಿಸುವುದಿಲ್ಲ ಎಂದು ನಿಂತರು. ಅಲ್ಲಿ ಒಂದು ಗಳಿಗೆ ತಡೆದಳು. ಕಣ್ಣು ನನ್ನ ಮೇಲಿತ್ತು. ಹೇಳವಾ ಎಂದು ತಲೆಯಾಡಿಸಿದೆ. ಹೇಳಿದಳು. ದಂಡು ಬಂದು ಊರನ್ನು ಸುತ್ತಿತು. ಊರಿಗೆ ಬೆಂಕಿ ಬಿತ್ತು. ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು. ಹಾಡಿನಲ್ಲಿದ್ದದ್ದೇ ಪುಸ್ತಕದಲ್ಲೂ ಇತ್ತು.

ಜನ ಚಪ್ಪಾಳೆ ಹೊಡೆದರು. ವಕೀಲರು ತಿರುಗಿ, "ಛಲೋ ಹೇಳಿದಳೋ ನಿನ್ನ ಮೊಮ್ಮಗಳು!" ಎಂದರು. ಹಿಗ್ಗಿ ಅವರಿಗೆ ಕೈಮುಗಿದೆ, ಕಣ್ಣ ಮುಂದೆ ಮಾತ್ರ ಹಲಗಲಿ ಉರಿಯುತ್ತಿತ್ತು. ಒಂದೇ ಮೈಯಲ್ಲಿ ಮದುವೆ ಮನೆ, ಸಾವಿನ ಮನೆ ಎರಡೂ.

ಶಾಂತಾ, ನಾನು ಗುಡ್ಡ ಇಳಿಯತೊಡಗಿದೆವು. ಸಂಜೆಯ ಗಾಡಿಗೆ ಅವಳು ಗದಗಿಗೆ ಹೊರಡಬೇಕಿತ್ತು.

"ಬ್ಯಾಸರಾತೇನಜ್ಜಾ? ಅದಕ್ಕ ನಾ ಇಷ್ಟ ದಿನ ಹೇಳಲಿಲ್ಲ. ನೀ ಹೇಳೂವಾಗ ಅವರು ಯಾರೂ ಸಾಯತಿದ್ದಿಲ್ಲ."

ಬೇಸರವಾಗಿತ್ತು. ಸುಳ್ಳು ಏಕೆ ಹೇಳಲಿ? ಆದರೆ ನಡೆಯುತ್ತ ನಡೆಯುತ್ತ ಒಂದು ಮಾತು ಹೊಳೆಯಿತು. ಅದನ್ನೇ ಹೇಳಿದೆ.

"ಒಂದ ಮಾತವಾ. ಕೊಡೂದಿಲ್ಲ ಅಂತ ನಿಂತ ದಿನಾ ಅವರಿಗರ ಕಡೀಕ ಏನಾಗತೈತಂತ ಎಲ್ಲಿ ಗೊತ್ತಿತ್ತು? ನನಗ ಎಷ್ಟು ಗೊತ್ತಿತ್ತೋ ಅವರಿಗೂ ಅಷ್ಟ ಗೊತ್ತಿತ್ತು. ನಾ ಕಡೀದು ಬೇಕು ಅಂತ ಜೀವಾ ತಿಂದೆ. ಅವರು ಅಷ್ಟರ ಮ್ಯಾಲ ನಿಂತರು."

ಶಾಂತಾ ನಡುರಸ್ತೆಯಲ್ಲಿ ನಿಂತುಬಿಟ್ಟಳು. "ಇದು ನನಗ ಹೊಳೀಲೇ ಇಲ್ಲಲ್ಲಜ್ಜಾ! ಪಾಠದಾಗ ಹೇಳಬೇಕಿತ್ತು. ತಡಿ, ಬರಕೋತೇನಿ" ಎಂದು ಚೀಲದಿಂದ ನೋಟುಬುಕ್ಕು ತೆಗೆದಳು. ಎಂ.ಎ. ಮಾಡಿದ ಹುಡುಗಿ, ಮೂರನೆಯ ಇಯತ್ತೆಯವನ ಮಾತನ್ನು ಬಿಸಿಲಲ್ಲಿ ನಿಂತು ಬರೆಯತೊಡಗಿದಳು. ನಾನು ಅವಳ ತಲೆಯ ಮೇಲೆ ಕೊಡೆ ಹಿಡಿದೆ. ನಿಧಾನ ಬರಿ ತಾಯಿ, ಇನ್ನೂ ನಿಧಾನ ಬರಿ, ಎಂದು ಮನಸ್ಸಿನಲ್ಲೇ ಬೇಡುತ್ತ ನಿಂತೆ.