ಕೊನೆಯ ಪುಟದ ಮೂಲೆ

ವಾರಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವರನ್ನು ಪ್ರೂಫ್ ಮಾಮ ಎಂದೇ ಕರೆಯುತ್ತಿದ್ದರು. ಪುಟ ಅಚ್ಚಿಗೆ ಹೋಗುವ ಮುನ್ನ ತಪ್ಪು ಹುಡುಕುವುದು ಅವರ ಕೆಲಸ. ಊಟದ ಡಬ್ಬಿ ತೆರೆದರೂ ಮೊದಲು ಕಾಣುವುದು ಅದರಲ್ಲಿನ ಐಬು. ಆದರೆ ಅವರ ಜೀವ ಇದ್ದದ್ದು ಕೊನೆಯ ಪುಟದ ಒಂದು ಮೂಲೆಯಲ್ಲಿ. ವಾರವಾರ ಅಲ್ಲಿ ಅವರು ಬರೆಯುತ್ತಿದ್ದದ್ದು ಒಂದೇ ಇಂಗ್ಲಿಷ್ ಪದ, ಎರಡು ತದ್ವಿರುದ್ಧ ಅರ್ಥ: ಡಸ್ಟ್ ಎಂದರೆ ಧೂಳು ಒರೆಸುವುದೂ ಹೌದು, ಪುಡಿ ಉದುರಿಸುವುದೂ ಹೌದು. ಹನ್ನೊಂದು ವರ್ಷ ಹೀಗೆ ಬರೆದರು. ಓದಿ ಪತ್ರ ಹಾಕಿದವರು ಒಬ್ಬರೂ ಇಲ್ಲ ಅನ್ನುವುದು ಬೇರೆ ಮಾತು.

ಆ ಮೂಲೆಯನ್ನು ಸಂಪಾದಕರು ಪುಟ ಜೋಡಿಸುವ ಹುಡುಗಿಗೆ ಕೊಟ್ಟುಬಿಟ್ಟರು. ಅವಳು ಅದನ್ನೇ ಒಗಟು ಮಾಡಿದಳು. ಚಹಾದ ಹೊತ್ತಿಗೆ ಕಚೇರಿಯೆಲ್ಲ ಅವಳ ಮೇಜಿನ ಸುತ್ತ. ಮಾಮನ ಹೊಟ್ಟೆಗೆ ಬೆಂಕಿ ಬಿತ್ತು.

"ನಿನ್ನೆ ಮೊನ್ನೆ ಬಂದೋಳು!" ಎಂದು ಮನೆಯಲ್ಲಿ ಹಲ್ಲು ಕಡಿದರು.

"ನಿಮ್ಮ ಮೂಲೇನ ನಾನೂ ಓದ್ತಿರಲಿಲ್ಲ ಬಿಡಿ," ಎಂದಳು ಹೆಂಡತಿ.

ಆ ಗುರುವಾರ ಹುಡುಗಿಯ ಒಗಟಿನ ಪ್ರೂಫ್ ಬಂತು. 'ಮೇಲ್ವಿಚಾರಣೆಯೂ ಹೌದು, ಕಣ್ತಪ್ಪೂ ಹೌದು. ಯಾವ ಪದ?' ಕೆಳಗೆ ಓವರ್‌ಸೈಟ್ ಎಂಬ ಉತ್ತರ ಇರಬೇಕಿತ್ತು. ಆ ಸಾಲೇ ಬಿಟ್ಟುಹೋಗಿತ್ತು. ಮಾಮ ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು. ಹೋಗಲಿ ಅವಳ ಮಾನ ಎಂದುಕೊಂಡು, 'ಸರಿಯಿದೆ' ಎಂದು ಬರೆದು ಸಹಿ ಹಾಕಿದರು.

ಸೋಮವಾರ ಕಚೇರಿಯ ಫೋನಿಗೆ ಪುರುಸೊತ್ತಿಲ್ಲ. ಬೈಗುಳವಲ್ಲ, ಉತ್ತರ ಹೇಳಿ ಎಂಬ ಗೋಗರೆತ. ಒಂದು ಮನೆಯಲ್ಲಿ ಗಂಡ ಹೆಂಡಿರು ಪಂದ್ಯ ಕಟ್ಟಿ ಕೂತಿದ್ದರಂತೆ. ಸಂಪಾದಕರು ಕುಣಿಯುವುದೊಂದು ಬಾಕಿ.

"ಇನ್ಮೇಲೆ ಉತ್ತರ ಮುಂದಿನ ವಾರಾನೇ ಹಾಕೋಣ. ಯಾರಿಗಮ್ಮಾ ಹೊಳೆದಿದ್ದು ಇದು?"

ಹುಡುಗಿ ಪ್ರೂಫ್ ಹಾಳೆ ತಂದು ಸಹಿ ತೋರಿಸಿದಳು. "ಸಾಲು ಬಿಟ್ಟಿದ್ದು ನನ್ನ ತಪ್ಪು ಸಾರ್. ಆದ್ರೆ ಮಾಮನ ಕಣ್ಣಿಗೆ ಅದು ಬೀಳದೆ ಇರುತ್ತಾ? ಬೇಕೂಂತಲೇ ಬಿಟ್ಟಿದ್ದಾರೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲ ಎಂದರೆ ಕಣ್ಣು ಹೋದ ಪ್ರೂಫ್ ರೀಡರ್ ಅನ್ನಿಸಿಕೊಳ್ಳಬೇಕು. ಮಾಮ "ಹೂಂ" ಎಂದರು.

ಮುಂದಿನ ಗುರುವಾರದ ಪ್ರೂಫಿನಲ್ಲಿ ಒಗಟಿನ ಕೆಳಗೆ ಇಬ್ಬರ ಹೆಸರೂ ಇತ್ತು. ಜೋಡಿಸಿದವಳು ಅವಳೇ; ಮಾಮನ ಹೆಸರನ್ನು ಮೇಲಿಟ್ಟಿದ್ದಳು. ಮಾಮ ಕೆಂಪು ಪೆನ್ನು ಹಿಡಿದು ತಪ್ಪು ಹುಡುಕಿದರು, ಒಂದೂ ಸಿಗಲಿಲ್ಲ. ಒಗಟು ಕಟ್ಟುವುದನ್ನಾದರೆ ತಾವೂ ಕಲಿಯಬಹುದಿತ್ತು. ಇನ್ನೊಬ್ಬರ ಹೆಸರನ್ನು ಇಷ್ಟು ಸಲೀಸಾಗಿ ಮೇಲಿಡುವುದು ಅವಳಿಗೆ ಎಲ್ಲಿಂದ ಬಂತು? ಅದಕ್ಕೂ ಅವರಿಗೆ ಹೊಟ್ಟೆಕಿಚ್ಚಾಯಿತು.