ಹಾಲು ಹಾಕಿದ ಚಹಾ, ಹಸಿರು ಬೆಳಕು

ಕಲ್ಯಾಣದ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಒಂದು ಕತ್ತಲೆ ಕೋಣೆ ಕೊಟ್ಟಿದ್ದಾರೆ. ಅದರಲ್ಲಿರುವುದು ಒಂದು ಮೇಜು, ಒಂದು ಹಸಿರು ಲೇಸರ್. ಅಷ್ಟನ್ನೂ ಕಿತ್ತುಕೊಂಡು ಹಳೆಯ ಉತ್ತರಪತ್ರಿಕೆಗಳನ್ನು ತುಂಬಲು ಆಡಳಿತ ಮಂಡಳಿ ಹೊಂಚು ಹಾಕುತ್ತಲೇ ಇತ್ತು. ಕೊನೆಗೆ ಮಂಡಳಿಯ ಇಬ್ಬರು ಹಿರಿಯರು ಬಂದು ನನ್ನದೊಂದು ಪ್ರಯೋಗ ನೋಡುವುದು, ಮನಸ್ಸಿಗೆ ಬಂದರೆ ಕೋಣೆ ನನಗೆ, ಇಲ್ಲದಿದ್ದರೆ ರದ್ದಿಗೆ ಎಂದಾಯಿತು. ನನಗೆ ಮೈಯೆಲ್ಲ ಉರಿಯಿತು.

ತೋರಿಸಬೇಕಾದದ್ದು ಸುಲಭದ್ದೇ. ಹಾಲಿಲ್ಲದ ತೆಳು ಚಹಾದಲ್ಲಿ ಮಂದ ಬೆಳಕು ನೆಟ್ಟಗೆ ಹಾದು ಗೋಡೆಯ ಮೇಲೆ ಚುಕ್ಕೆಯಾಗುತ್ತದೆ. ಬೆಳಕು ಜೋರಾದರೆ ಅದು ಹಾದ ಜಾಗ ಬಿಸಿಯಾಗಿ ಚಹಾವೇ ಮಸೂರವಾಗಿಬಿಡುತ್ತದೆ; ತನ್ನನ್ನು ಬಿಸಿ ಮಾಡಿದ ಬೆಳಕನ್ನೇ ಹರಡಿ ಉಂಗುರಗಳನ್ನಾಗಿಸುತ್ತದೆ. ನಮ್ಮ ಕ್ಯಾಂಟೀನಿನಲ್ಲಿ ಹಾಲು, ನೀರು, ಚಹಾಪುಡಿ ಎಲ್ಲ ಒಟ್ಟಿಗೇ ಕುದಿಯುತ್ತವೆ. ಹಾಗಾಗಿ ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ಅಪ್ಪನಿಗೆ ಫೋನು ಮಾಡಿ, ಒಂದು ಫ್ಲಾಸ್ಕ್ ಹಾಲಿಲ್ಲದ ಚಹಾ ಕಳಿಸಿ, ಕಾಲೇಜಿಗೆ ದೊಡ್ಡವರು ಬರುತ್ತಿದ್ದಾರೆ ಎಂದೆ. ಆ ಎರಡನೆಯ ಮಾತು ಆಡಬಾರದಿತ್ತು.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಪ್ಪನೇ ಲೋಕಲ್ ರೈಲು ಹಿಡಿದು ಬಂದರು. ಹಿಂದೆಯೇ ಹಿರಿಯರಿಬ್ಬರೂ ಬಂದು ಕುಳಿತರು. ನಾನು ಗಾಜಿನ ಪಾತ್ರೆಗೆ ಫ್ಲಾಸ್ಕ್ ಬಗ್ಗಿಸಿದರೆ ಬಿದ್ದದ್ದು ಹಾಲು, ಸಕ್ಕರೆ, ಶುಂಠಿ, ಏಲಕ್ಕಿ ಹಾಕಿದ ಗಟ್ಟಿ ಚಹಾ.

"ಅಪ್ಪಾ, ಇದೆಂತದು?"

"ದೊಡ್ಡವರು ಬರ್ತಾರೆ ಅಂತ ನೀನೇ ಹೇಳಿದ್ದಲ್ವಾ? ಅವರಿಗೆ ಹಾಲು ಹಾಕದ ಚಾ ಕೊಟ್ರೆ ಹೋಟೆಲಿನ ಮರ್ಯಾದೆ ಎಂತ ಆಗ್ಬೇಕು?"

"ಅದು ಅವರಿಗಲ್ಲ, ಲೇಸರಿಗೆ."

"ಲೇಸರಿಗೆ ಯಾರಾದ್ರೂ ಚಾ ಕೊಡ್ತಾರಾ ಮಾರಾಯ್ತಿ? ನೀನು ತಲೆಬಿಸಿಯಲ್ಲಿ ಏನೋ ಹೇಳಿದ್ದು ಅಂತ ಗ್ರಹಿಸಿದೆ."

ಬೇರೆ ದಾರಿಯಿಲ್ಲದೆ ಅದರಲ್ಲೇ ಲೇಸರ್ ಹಾಯಿಸಿದೆ. ಹಾಲು ಬೆಳಕನ್ನೆಲ್ಲ ಕಂಡಕಂಡಲ್ಲಿಗೆ ಚೆಲ್ಲಿತು; ಪಾತ್ರೆಯಿಡೀ ಹಸಿರಾಯಿತು, ಗೋಡೆಯ ಮೇಲೆ ಚುಕ್ಕೆಯೂ ಇಲ್ಲ. ಒಬ್ಬ ಹಿರಿಯರು ಅಪ್ಪ ಕೊಟ್ಟ ಕಪ್ಪಿನಿಂದ ಗುಟುಕರಿಸುತ್ತ, "ಚಹಾ ಮಸ್ತ್ ಆಹೇ," ಎಂದು ಮರಾಠಿಯಲ್ಲಿ ಹೊಗಳಿದರು. ಇನ್ನೊಬ್ಬರು ಎದ್ದುಹೋಗಿ, ಎಷ್ಟು ಕಟ್ಟು ಪತ್ರಿಕೆ ಹಿಡಿದೀತು ಎಂದು ಗೋಡೆಯನ್ನು ಗೇಣಿನಲ್ಲಿ ಅಳೆಯತೊಡಗಿದರು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಅಪ್ಪನ ಮೇಲೆ ಸಿಟ್ಟು ಬಂತು.

ನನ್ನ ಮುಖ ನೋಡಿದ ಅಪ್ಪ ಚೀಲದಿಂದ ಸಣ್ಣ ಸ್ಟೀಲ್ ಬಾಟಲಿ ತೆಗೆದರು. ಸಕ್ಕರೆ ಕಾಯಿಲೆ ಬಂದಮೇಲೆ ಅವರು ಹಾಲು, ಸಕ್ಕರೆ ಎರಡನ್ನೂ ಬಿಟ್ಟು, ಹೋದಲ್ಲೆಲ್ಲ ತಮ್ಮ ಕಪ್ಪು ಚಹಾ ಒಯ್ಯುತ್ತಾರೆ.

"ಇದು ನಾಲ್ಕು ಜನರ ಮುಂದೆ ಇಡುವಂಥ ಚಾ ಅಲ್ಲ," ಎಂದು ಗೊಣಗುತ್ತಲೇ ಕೊಟ್ಟರು.

ಸೋಸಿ, ನೀರು ಬೆರೆಸಿ, ಮತ್ತೆ ಲೇಸರ್ ಹಾಯಿಸಿದೆ. ಚುಕ್ಕೆ ಮೂಡಿತು. ಬೆಳಕು ಏರಿಸಿದೆ. ಚುಕ್ಕೆ ಅಗಲವಾಗಿ, ಒಂದರೊಳಗೊಂದು ಹಸಿರು ಉಂಗುರಗಳು ಗೋಡೆಯ ಮೇಲೆ ಬಿಚ್ಚಿಕೊಂಡವು. ಗೇಣು ಹಾಕುತ್ತಿದ್ದವರ ಅಂಗೈ ಮೇಲೂ ಉಂಗುರದ ತುಣುಕು ಬಿತ್ತು. ಅವರು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಖೋಲಿ ಅಸೂ ದ್ಯಾ," ಎಂದರು. ಕೋಣೆ ಇರಲಿ ಎಂದು.

ಅವರು ಹೋದ ಮೇಲೆ ನಾನು ಲೇಸರ್ ಆರಿಸಿದೆ. ಅಪ್ಪನ ಕಿಸೆಯಲ್ಲಿ ಹೋಟೆಲಿನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಗಿರಾಕಿಯನ್ನು ಎಂದೂ ಕಾಯಿಸದ ಮನುಷ್ಯ, ಅದನ್ನು ತೆಗೆಯದೆ ಖಾಲಿ ಗೋಡೆಯನ್ನೇ ನೋಡುತ್ತಿದ್ದರು.

"ಅವರಿಗೆ ತೋರಿಸಿದ್ದಾಯ್ತಲ್ಲ," ಎಂದರು. "ಇನ್ನು ನನಗೆ ತೋರಿಸು."